ಮೊಳಕೆ: ಮಗುವಿಗೊಂದು, ಅಜ್ಜನಿಗೊಂದು

(ಸಂಸ್ಥಾಪನಾ ದಿನೋತ್ಸವದ ಅಂಗವಾಗಿ ಶರ್ಕ್‌ನಲ್ಲಿ ಏರ್ಪಟ್ಟಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಬ್ಬದ ದಿನ ವೈದ್ಯರನ್ನು ಮಾತಿಗೆ ಕರೆಯುವುದು ಅಪಾಯದ ಕೆಲಸ. ಊಟಕ್ಕೆ ಮುಂಚೆಯೇ ಊಟದ ರುಚಿ ಕೆಡಿಸಿಬಿಡುತ್ತಾರೆ ಎಂಬ ಅಪವಾದ ನಮ್ಮ ಮೇಲಿದೆ. ಆದ್ದರಿಂದ ಮೊದಲೇ ಒಂದು ಭರವಸೆ ಕೊಡುತ್ತೇವೆ. ಇಂದಿನ ಹೋಳಿಗೆಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಎಲೆಯ ಮೇಲೆ ಹೋಳಿಗೆಗಿಂತ ಮೊದಲು ಬೀಳುವ ಒಂದು ಚಮಚ ಕಾಳಿನ ಬಗ್ಗೆ ಮಾತ್ರ ನಮ್ಮ ಮಾತು.

ಈ ವಿಷಯ ಆರಿಸಿಕೊಳ್ಳಲು ಕಾರಣ ಒಬ್ಬ ತಾಯಿ. ಆರೋಗ್ಯ ತಪಾಸಣಾ ಶಿಬಿರದಲ್ಲಿ ರಕ್ತದೊತ್ತಡ ನೋಡಿಸಿಕೊಂಡ ಮೇಲೆ ಅವರು ಎದ್ದು ನಿಂತು ಕೇಳಿದರು: “ಡಾಕ್ಟ್ರೇ, ಮೊಳಕೆ ಕಾಳು ಒಳ್ಳೇದಾ?” ನಾವು ಹಿಂದೆಮುಂದೆ ನೋಡದೆ “ಬಹಳ ಒಳ್ಳೇದಮ್ಮ” ಎಂದೆವು. ಅವರು ಬಿಡಲಿಲ್ಲ. “ಯಾರಿಗೆ? ಮೊಮ್ಮಗನಿಗೋ, ಅವನ ಅಜ್ಜನಿಗೋ?” ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದಾಗ, ನಾವು ಕೊಡಬೇಕಾಗಿದ್ದ ಉತ್ತರ ಅವರ ಪ್ರಶ್ನೆಯಲ್ಲೇ ಇತ್ತೆಂದು ತಿಳಿಯಿತು. ಇಂದು ಆ ಸಾಲ ತೀರಿಸುವ ಪ್ರಯತ್ನ ಮಾಡುತ್ತೇವೆ.

ಮೊದಲು ಕಾಳಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಒಣಗಿದ ಹೆಸರುಕಾಳು ಸತ್ತ ವಸ್ತುವಲ್ಲ, ನಿದ್ರೆಯಲ್ಲಿರುವ ಜೀವ. ಒಳಗೆ ಒಂದು ಪುಟ್ಟ ಅಂಕುರ, ಅದರ ಸುತ್ತ ಅದಕ್ಕೆಂದೇ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಬುತ್ತಿಯಲ್ಲಿ ಪಿಷ್ಟ, ಪ್ರೋಟೀನು, ಖನಿಜ ಎಲ್ಲವೂ ಇವೆ, ಆದರೆ ಬೀಗ ಹಾಕಿದೆ. ನೀರು ತಾಗಿದ ಕೂಡಲೇ ಅಂಕುರ ಎಚ್ಚರಗೊಂಡು ಕಿಣ್ವಗಳೆಂಬ ಕೀಲಿಕೈಗಳನ್ನು ಹೊರಗೆ ಕಳಿಸುತ್ತದೆ. ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಫೈಟೇಸ್ ಎಂಬ ಇನ್ನೊಂದು ಕಿಣ್ವ, ಕಬ್ಬಿಣ ಮತ್ತು ಸತುವನ್ನು ಬಿಗಿಯಾಗಿ ಹಿಡಿದುಕೊಂಡಿರುವ ಫೈಟಿಕ್ ಆಮ್ಲವನ್ನು ಸಡಿಲಿಸುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ಸಕ್ಕರೆಗಳು ಕರಗುತ್ತವೆ. ಕಾಳು ತಿಂದರೆ ವಾಯು ಎನ್ನುವವರಿಗೂ ಮೊಳಕೆ ಕಟ್ಟಿದ ಕಾಳು ಒಗ್ಗುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಮೊಳಕೆ ಬಂದರೆ ಪ್ರೋಟೀನು ಎರಡು ಪಟ್ಟು, ಮೂರು ಪಟ್ಟು ಹೆಚ್ಚುತ್ತದೆ ಎಂದು ಹಲವರು ಹೇಳುತ್ತಾರೆ. ಎಲ್ಲಿಂದ ಬರಬೇಕು? ನಾವು ಹಾಕಿದ್ದು ಬರೀ ನೀರು. ಒಣ ಹೆಸರುಕಾಳು ನೂರು ಗ್ರಾಂ ತೂಗಿದರೆ ಅದರಲ್ಲಿ ಸುಮಾರು 24 ಗ್ರಾಂ ಪ್ರೋಟೀನು. ಇಲ್ಲಿನ ಜಮಿಯಾಗಳಲ್ಲಿ ಡಬ್ಬಿಯಲ್ಲಿ ಸಿಗುವ, ಬೆರಳುದ್ದದ ಬಿಳಿ ಹೆಸರು ಮೊಳಕೆ ನೂರು ಗ್ರಾಂ ತೂಗಿದರೆ ಸುಮಾರು 3 ಗ್ರಾಂ ಪ್ರೋಟೀನು. ಉಳಿದದ್ದರಲ್ಲಿ ಬಹುಪಾಲು ನೀರೇ. ಮೊಳಕೆ ಹೊಸ ಆಸ್ತಿ ಗಳಿಸುವುದಿಲ್ಲ, ಬೀಗ ಹಾಕಿಟ್ಟ ಆಸ್ತಿಯನ್ನು ಕೈಗೆ ಕೊಡುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಒಂದನ್ನು ಮಾತ್ರ ಅದು ನಿಜವಾಗಿಯೂ ಹೊಸದಾಗಿ ಮಾಡುತ್ತದೆ. ಅದು ‘ಸಿ’ ಜೀವಸತ್ವ. ಒಣಕಾಳಿನಲ್ಲಿ ಇದು ಇಲ್ಲವೆಂಬಷ್ಟು ಕಡಿಮೆ. ಎರಡು ದಿನದ ಮೊಳಕೆಯಲ್ಲಿ ಸಾಕಷ್ಟಿರುತ್ತದೆ. ಇದನ್ನು ಜಗತ್ತು ಅರಿತ ಕಥೆ ನಾವು ಕುಳಿತಿರುವ ಈ ಜಾಗಕ್ಕೆ ಬಹಳ ದೂರದ್ದಲ್ಲ. ಇಲ್ಲಿಂದ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರು ಹೋದರೆ ಬಸ್ರಾ. ಮೊದಲ ಮಹಾಯುದ್ಧದಲ್ಲಿ, 1914ರ ನವೆಂಬರಿನಲ್ಲಿ, ಬ್ರಿಟಿಷರ ಭಾರತೀಯ ಸೇನೆ ಅಲ್ಲಿಗೆ ಬಂದಿಳಿಯಿತು. ಟೈಗ್ರಿಸ್ ನದಿಯ ದಂಡೆಯ ಕುಟ್ ಎಂಬ ಊರಿನಲ್ಲಿ ಅದರ ಒಂದು ಭಾಗ ಶತ್ರುಗಳ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್ 29ರಂದು ಶರಣಾಯಿತು. ಮುತ್ತಿಗೆಯೊಳಗೂ ಹೊರಗೂ ನಮ್ಮ ಸಿಪಾಯಿಗಳು ಗುಂಡಿನಿಂದ ಮಾತ್ರವಲ್ಲ, ಸ್ಕರ್ವಿ ರೋಗದಿಂದಲೂ ನರಳಿದರು. ಒಸಡಿನಲ್ಲಿ ರಕ್ತ, ಊದಿದ ಕಾಲು, ಮಾಯದ ಗಾಯ. ಆಟಾ ಇತ್ತು, ಬೇಳೆ ಇತ್ತು. ಹಸಿ ತರಕಾರಿ, ಹಣ್ಣು ಇರಲಿಲ್ಲ.

ಆಗ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ‘ಸಿ’ ಜೀವಸತ್ವವನ್ನು ಆಗಿನ್ನೂ ಯಾರೂ ಬೇರ್ಪಡಿಸಿರಲಿಲ್ಲ. ಒಣಕಾಳು ತಿಂದ ಗಿನಿ ಇಲಿಗಳಿಗೆ ಸ್ಕರ್ವಿ ಬರುತ್ತದೆ, ಅದೇ ಕಾಳನ್ನು ನೆನೆಸಿ ಒಂದೆರಡು ದಿನ ಮೊಳಕೆ ಬರಿಸಿ ಕೊಟ್ಟರೆ ರೋಗ ತಡೆಯುತ್ತದೆ ಎಂದು ಅವರು ತೋರಿಸಿದರು. ಸಿಪಾಯಿಯ ಚೀಲದಲ್ಲೇ ಇದ್ದ ಕಾಳು, ಬೇಕಾಗಿದ್ದು ಒಂದಿಷ್ಟು ನೀರು ಮತ್ತು ಒದ್ದೆ ಬಟ್ಟೆ. ಆದರೆ ಬೇಳೆ ಒಡೆದದ್ದಾದರೆ ಮೊಳೆಯುವುದಿಲ್ಲ, ಇಡೀ ಕಾಳೇ ಬೇಕು. “ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆ ಎಷ್ಟು ನಿಜ ನೋಡಿ. ನಮ್ಮ ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಕಾಳಿನ ಬೆಲೆ ಲಂಡನ್ನಿನ ಪ್ರಯೋಗಶಾಲೆಯಲ್ಲಿ ತಿಳಿಯಬೇಕಾಯಿತು.

ಅಜ್ಜಿಯರ ಅಡುಗೆಮನೆಯಲ್ಲಿ ಇದು ಒಂದೇ ಬಗೆಯಲ್ಲಿರಲಿಲ್ಲ. ಮೈಸೂರು, ಮಂಡ್ಯ, ತುಮಕೂರಿನ ಕಡೆ ಮೊಳಕೆ ಹುರುಳಿಯ ಬಸ್ಸಾರು, ಜೊತೆಗೆ ಬಿಸಿ ಮುದ್ದೆ. ಧಾರವಾಡ, ವಿಜಯಪುರದ ಕಡೆ ಮಡಿಕೆಕಾಳಿನ ಪಲ್ಯ ಮತ್ತು ಜೋಳದ ರೊಟ್ಟಿ. ಕರಾವಳಿಯಲ್ಲಿ ತೆಂಗಿನಕಾಯಿ ಅರೆದು ಹಾಕಿದ ಹೆಸರುಕಾಳಿನ ಗಸಿ. ಇವೆಲ್ಲದರಲ್ಲೂ ಸಮಾನವಾದ ಒಂದು ಅಂಶವಿದೆ. ಕಾಳು ಮೊಳೆಯುತ್ತದೆ, ಆಮೇಲೆ ಒಲೆಯ ಮೇಲೆ ಬೇಯುತ್ತದೆ. ಹಸಿ ಮೊಳಕೆಯನ್ನು ಬಟ್ಟಲು ತುಂಬ ತಿನ್ನುವ ಅಭ್ಯಾಸ ಈಚಿನದು. ಇದರ ಬಗ್ಗೆ ಸ್ವಲ್ಪ ಹೊತ್ತಿನಲ್ಲಿ ಹೇಳಲೇಬೇಕಾದ ಮಾತಿದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೊದಲು ಮೊಮ್ಮಗ.

ನಾವು ಎಂಬಿಬಿಎಸ್ ಮುಗಿಸಿ ಊರಿನಲ್ಲಿ ರೆಸಿಡೆಂಟ್ ಆಗಿದ್ದಾಗ ಮಕ್ಕಳ ವಾರ್ಡಿಗೆ ಒಂಬತ್ತು ತಿಂಗಳ, ಹತ್ತು ತಿಂಗಳ ಕೂಸುಗಳು ಬಡಕಲಾಗಿ ಬರುತ್ತಿದ್ದವು. “ಏನು ಕೊಡ್ತೀರಮ್ಮ?” ಎಂದರೆ “ರಾಗಿ ಗಂಜಿ ಕೊಡ್ತೀನಿ ಸ್ವಾಮಿ, ಹೊಟ್ಟೆ ತುಂಬ ಕುಡೀತಾನೆ” ಎಂಬ ಉತ್ತರ. ತಾಯಿ ಸುಳ್ಳು ಹೇಳುತ್ತಿರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಆದರೆ ನೀರಿನಿಂದ. ರಾಗಿ ಹಿಟ್ಟು ನೂರು ಮಿಲಿಲೀಟರ್ ನೀರಿಗೆ ಎಂಟು ಹತ್ತು ಗ್ರಾಂ ಹಾಕಿ ಕುದಿಸಿದರೆ ಸಾಕು, ಗಟ್ಟಿಯಾಗಿಬಿಡುತ್ತದೆ. ಹಲ್ಲು ಬಾರದ ಕೂಸು ನುಂಗಲಾರದು. ತಾಯಿ ಇನ್ನಷ್ಟು ನೀರು ಬೆರೆಸುತ್ತಾಳೆ. ಎಂಟು ಕಿಲೋ ತೂಕದ ಕೂಸಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಹೆಚ್ಚೆಂದರೆ ಒಂದು ಲೋಟ. ಆ ಲೋಟದಲ್ಲಿ ಹಿಟ್ಟು ಎರಡು ಚಮಚವೂ ಇಲ್ಲದಿದ್ದರೆ ಕೂಸು ಬೆಳೆಯುವುದು ಹೇಗೆ?

ಈ ತೊಡಕನ್ನು ಬಿಡಿಸುವ ಉಪಾಯ ಮೊಳಕೆಯಲ್ಲಿದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, 1980ರ ದಶಕದ ಆರಂಭದಲ್ಲಿ, ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ರಾಗಿ ಮತ್ತು ಹೆಸರುಕಾಳಿನ ಮೊಳಕೆ ಹಿಟ್ಟಿನಿಂದ ಕೂಸುಗಳ ಆಹಾರವನ್ನು ರೂಪಿಸಿದರು. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಪಿಷ್ಟವನ್ನು ಕತ್ತರಿಸುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಅದೇ ಲೋಟಕ್ಕೆ ಎರಡು ಪಟ್ಟು ಹಿಟ್ಟು ಹಾಕಿದರೂ ಚಮಚದಿಂದ ಜಾರುವಷ್ಟು ತೆಳುವಾಗಿರುತ್ತದೆ. ಹೊಟ್ಟೆ ಅಷ್ಟೇ, ಶಕ್ತಿ ಎರಡರಷ್ಟು. ರಾಗಿಯಲ್ಲಿ ಸುಣ್ಣದ ಅಂಶ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಪ್ರೋಟೀನು ಮಾತ್ರ ಕಡಿಮೆ, ಏಳು ಗ್ರಾಮಿನಷ್ಟು. ಆ ಕೊರತೆ ತುಂಬಲು ಹೆಸರುಕಾಳು.

ಮಾಡುವ ವಿಧಾನ ಕಷ್ಟವಲ್ಲ. ರಾಗಿಯನ್ನು ಕಲ್ಲು ತೆಗೆದು ತೊಳೆದು ಹನ್ನೆರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಇಡಿ. ಬಟ್ಟೆ ಒಣಗದಂತೆ ನೀರು ಚಿಮುಕಿಸಿ. ಬಿಳಿ ಬೇರು ಕಾಣಿಸಿದ ಮೇಲೆ ತೆಳುವಾಗಿ ಹರಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ. ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ. ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗಿ ಮೊಳಕೆ ಕಟ್ಟಿದ ಶ್ರಮ ವ್ಯರ್ಥವಾಗುತ್ತದೆ. ಹೆಸರುಕಾಳನ್ನೂ ಹೀಗೆಯೇ, ಒಂದು ದಿನ ಮೊಳಕೆ ಬರಿಸಿ ಮಾಡಿ. ಏಳು ಪಾಲು ರಾಗಿಗೆ ಮೂರು ಪಾಲು ಹೆಸರು ಸೇರಿಸಿ ಹಿಟ್ಟು ಮಾಡಿ ಜರಡಿ ಹಿಡಿಯಿರಿ. ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ನಿಧಾನವಾಗಿ ಕಾಯಿಸಿ, ಕೊನೆಯಲ್ಲಿ ಚೆನ್ನಾಗಿ ಕುದಿಸಿ. ಕಾಯುವ ಆ ಹತ್ತು ನಿಮಿಷದಲ್ಲೇ ಕಿಣ್ವ ತನ್ನ ಕೆಲಸ ಮುಗಿಸುತ್ತದೆ. ಆರು ತಿಂಗಳು ತುಂಬಿದ ಮೇಲೆ, ತಾಯಿಯ ಹಾಲಿನ ಜೊತೆಗೆ ಇದನ್ನು ಕೊಡಬಹುದು. ಸಕ್ಕರೆ ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ಸರ್ವಥಾ ಬೇಡ.

ಇನ್ನೊಂದು ಎಚ್ಚರಿಕೆ. ‘ಮಾಲ್ಟ್’ ಎಂಬ ಇಂಗ್ಲಿಷ್ ಮಾತಿನ ಅರ್ಥವೇ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನಮ್ಮ ಬಾಲ್ಯದ ಹಾರ್ಲಿಕ್ಸ್ ಕೂಡ ಮೊಳಕೆ ಬಾರ್ಲಿಯ ಮೇಲೆಯೇ ನಿಂತ ಪುಡಿ. ಆದರೆ ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಎಂದು ಬರೆದದ್ದೆಲ್ಲ ಮೊಳಕೆ ಕಟ್ಟಿದ ರಾಗಿಯಲ್ಲ. ಬರೀ ರಾಗಿ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿದ್ದೂ ಆ ಹೆಸರಿನಲ್ಲಿ ಬರುತ್ತದೆ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟು ಬೇರೆ, ರಾಗಿ ಹಾಲು ತೆಗೆದು ಕಾಯಿಸಿದ ಕರಾವಳಿಯ ಮಣ್ಣಿ ಬೇರೆ. ಎಲ್ಲವೂ ರುಚಿಯೇ, ಆದರೆ ಕೂಸಿಗೆ ಬೇಕಾದ ಕೆಲಸ ಮಾಡುವುದು ಮೊಳಕೆಯ ಹಿಟ್ಟು. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ ಕೊಳ್ಳಿ.

ಈಗ ಅಜ್ಜನ ಸರದಿ.

ಐವತ್ತೈದು ದಾಟಿದ ಒಬ್ಬ ಹಿರಿಯರು ನಮ್ಮಲ್ಲಿಗೆ ಬಂದಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ, ಶಿಸ್ತಿನ ಮನುಷ್ಯ. ಊರಿನಿಂದ ಬಂದ ಬಂಧುವೊಬ್ಬರು ಎರಡು ಕಿಲೋ ಮನೆಯಲ್ಲೇ ಮಾಡಿದ ಅಪ್ಪಟ ಮೊಳಕೆ ರಾಗಿ ಹಿಟ್ಟು ತಂದುಕೊಟ್ಟಿದ್ದರು. “ರಾಗಿ ತಿಂದವ ನಿರೋಗಿ” ಎಂದು ನಂಬಿ ಅವರು ಬೆಳಗ್ಗೆ ಎರಡು ದೊಡ್ಡ ಲೋಟ, ರಾತ್ರಿ ಒಂದು ಲೋಟ ಕುಡಿಯತೊಡಗಿದರು. ಸಕ್ಕರೆ ಹಾಕಲಿಲ್ಲ, ಎರಡು ಖರ್ಜೂರ ಮಾತ್ರ. ಹೀಗೆ ಪಥ್ಯ ಮಾಡುತ್ತಿರುವಾಗ ಮಾತ್ರೆ ಏಕೆಂದು ಸಂಜೆಯ ಮಾತ್ರೆಯನ್ನೂ ಬಿಟ್ಟರು. ಎರಡು ತಿಂಗಳ ನಂತರ ಕಾಲಿನ ಬೆರಳ ಸಂದಿಯ ಗಾಯ ಮಾಯುತ್ತಿಲ್ಲವೆಂದು ಬಂದರು. ಆಹಾರದ ಎರಡು ಗಂಟೆಯ ನಂತರದ ಸಕ್ಕರೆ ಇಲ್ಲಿನ ಲೆಕ್ಕದಲ್ಲಿ 16, ನಮ್ಮೂರಿನ ಲೆಕ್ಕದಲ್ಲಿ 290ರ ಹತ್ತಿರ. ಅವರ ಕಣ್ಣಲ್ಲಿ ನೀರು. “ಬೇಕರಿ ಬಿಟ್ಟೆ, ಅನ್ನ ಬಿಟ್ಟೆ ಡಾಕ್ಟ್ರೇ. ಇನ್ನೇನು ಬಿಡಲಿ?”

ಅವರು ಮಾಡಿದ ತಪ್ಪಾದರೂ ಏನು? ಕೂಸಿಗೆ ವರವಾದ ಗುಣವೇ ಅವರಿಗೆ ಶತ್ರುವಾಯಿತು. ಕೂಸಿಗಾಗಿ ಅಮೈಲೇಸ್ ಪಿಷ್ಟವನ್ನು ಮೊದಲೇ ಕತ್ತರಿಸಿ ಇಟ್ಟಿರುತ್ತದೆ. ಅದನ್ನು ನುಣ್ಣಗೆ ಬೀಸಿ, ತೆಳುವಾಗಿ ಕಾಯಿಸಿ ಕುಡಿದರೆ ಕರುಳಿಗೆ ಮಾಡಲು ಕೆಲಸವೇ ಇಲ್ಲ. ಸಕ್ಕರೆ ನೇರ ರಕ್ತಕ್ಕೆ ಏರುತ್ತದೆ. ಖರ್ಜೂರ ಅದಕ್ಕೆ ಒಗ್ಗರಣೆ. ಮುದ್ದೆಯಾಗಿ ಮಿತವಾಗಿ ತಿಂದಿದ್ದರೆ, ಜೊತೆಗೆ ಸೊಪ್ಪಿನ ಸಾರು ಇದ್ದಿದ್ದರೆ, ಇದೇ ರಾಗಿ ಇಷ್ಟು ತೊಂದರೆ ಕೊಡುತ್ತಿರಲಿಲ್ಲ.

ಹಾಗಾದರೆ ಅಜ್ಜನಿಗೆ ಮೊಳಕೆ ಇಲ್ಲವೇ? ಇದೆ. ಬೀಸಿದ ಧಾನ್ಯದ ಮೊಳಕೆಯಲ್ಲ, ಇಡಿಯಾದ ದ್ವಿದಳದ ಮೊಳಕೆ. ಹೆಸರು, ಹುರುಳಿ, ಮಡಿಕೆ, ಅಲಸಂದೆ, ಕಡಲೆಕಾಳು. ಸಿಪ್ಪೆ ಸಹಿತ, ಅಗಿದು ತಿನ್ನುವ ಹಾಗೆ. ಸಿಪ್ಪೆಯ ನಾರು ಮತ್ತು ಕಾಳಿನ ಪ್ರೋಟೀನು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತವೆ, ಹೊಟ್ಟೆ ಬಹಳ ಹೊತ್ತು ತುಂಬಿದಂತಿರುತ್ತದೆ. ಒಂದು ಬಟ್ಟಲು ಉಸಲಿ ತಿಂದು ಅನ್ನವನ್ನು ಒಂದು ಸೌಟು ಕಡಿಮೆ ಮಾಡುವುದೇ ಸರಿಯಾದ ಲೆಕ್ಕ. ಅನ್ನವೂ ಅಷ್ಟೇ ಇದ್ದು ಮೇಲೆ ಮೊಳಕೆಯೂ ಸೇರಿದರೆ ಪ್ರಯೋಜನವಿಲ್ಲ. ಮಾತ್ರೆಯನ್ನು ಬಿಡುವ, ಕಡಿಮೆ ಮಾಡುವ ತೀರ್ಮಾನ ಯಾವ ಕಾಳಿನದೂ ಅಲ್ಲ; ರಕ್ತಪರೀಕ್ಷೆ ನೋಡಿ ವೈದ್ಯರು ಮಾಡಬೇಕಾದದ್ದು. ಆ ಹಿರಿಯರ ಗಾಯ ಮಾಯಿತು, ಬೆರಳು ಉಳಿಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ ಎಂಬುದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಇದು ಒಬ್ಬರ ಕಥೆಯಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಕುವೈತಿನ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮಧುಮೇಹ. ಇದಕ್ಕೆಂದೇ 2006ರಲ್ಲಿ ಸ್ಥಾಪನೆಯಾದ ದಸ್ಮಾನ್ ಮಧುಮೇಹ ಸಂಸ್ಥೆ ಇರುವುದು ನಮ್ಮ ಈ ಶರ್ಕ್ ಪ್ರದೇಶದಲ್ಲೇ. ಕಾರಿನಲ್ಲಿ ಹೋಗಿ, ಕಾರಿನಲ್ಲಿ ಬಂದು, ಬಿಸಿಲಿಗೆ ಹೆದರಿ ಮನೆಯೊಳಗೇ ಇರುವ ನಾವು ಈ ಲೆಕ್ಕದಿಂದ ಹೊರಗಿಲ್ಲ.

ಇನ್ನು ಮೂರನೆಯ ಮಾತು, ಮಗುವಿಗೂ ಅಜ್ಜನಿಗೂ ಇಬ್ಬರಿಗೂ ಸಂಬಂಧಿಸಿದ್ದು. ಅದು ಇಲ್ಲಿನ ಸೆಕೆ.

ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ಉಷ್ಣಾಂಶ 53.9 ಡಿಗ್ರಿ ಮುಟ್ಟಿತ್ತು. ಇಂಥ ನಾಡಿನಲ್ಲಿ ನಮ್ಮ ಮನೆಯಲ್ಲೇ ಒಂದು ಅನಾಹುತ ನಡೆಯಿತು. ಜುಲೈ ತಿಂಗಳು. ಅಡುಗೆಮನೆಯ ಏಸಿ ಕೆಟ್ಟಿತ್ತು. ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಮೊಳೆತಿತ್ತು, ಆದರೆ ಬಿಚ್ಚಿದಾಗ ಸ್ವಲ್ಪ ಹುಳಿ ವಾಸನೆ, ಕೈಗೆ ಲೋಳೆ ಲೋಳೆ. “ಚೆಲ್ಲಿಬಿಡೋಣ” ಎಂದರು ಮನೆಯವರು. ನಾವು ವೈದ್ಯರಲ್ಲವೇ, “ಎರಡು ಸಲ ತೊಳೆದರೆ ಆಯಿತು” ಎಂದೆವು. ಕಾಯಿ ತುರಿದು, ನಿಂಬೆ ಹಿಂಡಿ ಕೋಸಂಬರಿ ಆಯಿತು. ಮಧ್ಯರಾತ್ರಿಯ ಹೊತ್ತಿಗೆ ಮೂವರಿಗೂ ವಾಂತಿ, ಭೇದಿ. ದೊಡ್ಡವರು ತಡೆದುಕೊಂಡೆವು. ನಾಲ್ಕು ವರ್ಷದ ಮಗುವಿನ ಕಣ್ಣು ಗುಳಿಬಿದ್ದು, ತುಟಿ ಒಣಗಿ, ಮೂತ್ರ ನಿಂತುಹೋದಾಗ ಆಸ್ಪತ್ರೆಗೆ ಓಡಿದೆವು. ಡ್ರಿಪ್ ಹಾಕಿದ ಆ ಪುಟ್ಟ ಕೈಯನ್ನು ಹಿಡಿದು ಬೆಳಗಿನವರೆಗೆ ಕುಳಿತಿದ್ದಾಗ, ನಾವು ಓದಿದ ಓದೆಲ್ಲ ಒಂದು ಹಿಡಿ ಕಾಳಿನ ಮುಂದೆ ಸೋತಿತ್ತು. ಮನೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು ಎನಿಸಿತು.

ಕಾರಣ ಸರಳ. ಕಾಳು ಮೊಳೆಯಲು ಬೇಕಾದ್ದು ತೇವ, ಬೆಚ್ಚನೆಯ ಹವೆ, ಸಮಯ. ರೋಗಾಣುಗಳಿಗೆ ಬೇಕಾದ್ದೂ ಇವೇ ಮೂರು. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಕುಳಿತ ಒಂದೆರಡು ರೋಗಾಣು ಎರಡು ದಿನದಲ್ಲಿ ಲಕ್ಷಾಂತರವಾಗುತ್ತವೆ, ತೊಳೆದರೆ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ರೋಗಾಣುವಿನಿಂದ ಮೂರು ಸಾವಿರದ ಎಂಟುನೂರರಷ್ಟು ಜನ ಕಾಯಿಲೆ ಬಿದ್ದು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಲವರ ಮೂತ್ರಪಿಂಡ ಕೆಟ್ಟಿತು. ಹುಡುಕಿ ನೋಡಿದರೆ ಮೂಲ, ಹಸಿಯಾಗಿ ತಿಂದ ಮೆಂತ್ಯದ ಮೊಳಕೆ. ಆ ಮೊಳಕೆ ಬೆಳೆಸಿದ್ದು ತಂಪು ದೇಶದ, ಶುಚಿಯಾದ ತೋಟದಲ್ಲಿ.

ಆದ್ದರಿಂದ ನಮ್ಮ ಮನೆಯಲ್ಲಿ ಅಂದಿನಿಂದ ಪಾಲಿಸುವ ನಿಯಮಗಳನ್ನು ನಿಮ್ಮ ಮುಂದಿಡುತ್ತೇವೆ.

ಬೇಸಿಗೆಯಲ್ಲಿ ನಲ್ಲಿಯ ನೀರು ಛಾವಣಿಯ ಟ್ಯಾಂಕಿನಿಂದ ಕಾದ ನೀರಾಗಿಯೇ ಬರುತ್ತದೆ. ಅದರಲ್ಲಿ ನೆನೆಸಿದರೆ ಅಂಕುರ ಸಾಯುತ್ತದೆ, ಕಾಳು ಕೊಳೆಯುತ್ತದೆ. ಕುಡಿಯುವ ತಣ್ಣನೆಯ ನೀರಿನಲ್ಲಿ ಎಂಟು ಗಂಟೆ ನೆನೆಸಿ. ನೆನೆದ ನೀರನ್ನು ಚೆಲ್ಲಿ. ಏಸಿ ಇರುವ ಕೋಣೆಯಲ್ಲಿ ಇಡಿ, ಬೆಳಗ್ಗೆ ಸಂಜೆ ತೊಳೆದು ಪೂರ್ತಿ ಬಸಿಯಿರಿ. ಕಟ್ಟುವ ಬಟ್ಟೆಯನ್ನು ಪ್ರತಿ ಸಲ ಕುದಿಸಿ ಒಣಗಿಸಿ. ಮೊಳಕೆ ಕಾಳಿನಷ್ಟೇ ಉದ್ದವಾದಾಗ ಸಾಕು. ಕೂಡಲೇ ಫ್ರಿಜ್ಜಿಗೆ ಸೇರಿಸಿ ಎರಡು ದಿನದೊಳಗೆ ಮುಗಿಸಿ. ಲೋಳೆಯಾದರೆ, ವಾಸನೆ ಬಂದರೆ ಚೆಲ್ಲಿ. ಕುದಿಸಿದರೆ ಸರಿಹೋದೀತು ಎಂದುಕೊಳ್ಳಬೇಡಿ, ಕೆಲವು ರೋಗಾಣುಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇಯಿಸಿ ತಿನ್ನಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರು ಹಸಿ ಮೊಳಕೆ ಮುಟ್ಟಲೇಬಾರದು. “ಹಾಗಾದರೆ ‘ಸಿ’ ಜೀವಸತ್ವ ಹೋಗುತ್ತದಲ್ಲ?” ಎಂದು ಕೇಳಬಹುದು. ಒಂದಷ್ಟು ಹೋಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಹೋದದ್ದು ವಾಪಸು ಬರುತ್ತದೆ. ಯುದ್ಧಭೂಮಿಯ ಸಿಪಾಯಿಗೆ ನಿಂಬೆ ಇರಲಿಲ್ಲ, ನಮಗೆ ಬಖಾಲಾದಲ್ಲೇ ಸಿಗುತ್ತದೆ.

ಕೆಲವು ಕಾಳುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಜೋಳವನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಬಾರದು. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ಅದೇ ಸಯನೈಡ್ ವಿಷ ಅದರ ಮೊಳಕೆಯಲ್ಲೂ ಹುಟ್ಟುತ್ತದೆ. ರಾಜ್ಮಾ ಕಾಳನ್ನು, ಮೊಳೆತಿರಲಿ ಮೊಳೆಯದಿರಲಿ, ಚೆನ್ನಾಗಿ ಕುದಿಸದೆ ತಿಂದರೆ ವಾಂತಿ ಖಚಿತ. ಇನ್ನು ನಮ್ಮ ಈಜಿಪ್ಟಿನ ಸಹೋದ್ಯೋಗಿಗಳು ಪ್ರೀತಿಯಿಂದ ಕೊಡುವ ‘ಫೂಲ್ ನಾಬೆತ್’, ಅಂದರೆ ಮೊಳಕೆ ಬರಿಸಿದ ಫೂಲ್ ಕಾಳಿನ ಸಾರು, ಬಹಳ ರುಚಿ. ಆದರೆ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವವರು ಫೂಲ್ ಕಾಳನ್ನು ಯಾವ ರೂಪದಲ್ಲೂ ತಿನ್ನಬಾರದು, ರಕ್ತಕಣಗಳು ಒಡೆಯುತ್ತವೆ. ಮಗುವಿನ ಆಸ್ಪತ್ರೆಯ ಕಾಗದದಲ್ಲಿ ಆ ನಾಲ್ಕಕ್ಷರ ಇದೆಯೇ ಎಂದು ಇಂದೇ ತೆಗೆದು ನೋಡಿ.

ಕೊನೆಯದಾಗಿ, ಮೊಳಕೆಯಲ್ಲಿ ಇಲ್ಲದ್ದನ್ನೂ ಹೇಳಬೇಕು. ಬಿ-12 ಜೀವಸತ್ವ ಅದರಲ್ಲಿಲ್ಲ. ಶುದ್ಧ ಸಸ್ಯಾಹಾರಿಗಳು ಹಾಲು ಮೊಸರು ಬಿಡಬಾರದು, ಬೇಕಾದರೆ ಮಾತ್ರೆ ತೆಗೆದುಕೊಳ್ಳಬೇಕು. ‘ಡಿ’ ಜೀವಸತ್ವವೂ ಇಲ್ಲ. ಇಷ್ಟು ಬಿಸಿಲಿನ ನಾಡಿನಲ್ಲಿದ್ದರೂ ಬಿಸಿಲು ಮೈಗೆ ತಾಗದೆ ನಮ್ಮಲ್ಲಿ ಅದರ ಕೊರತೆ ಸಾಮಾನ್ಯ. ರಕ್ತಹೀನತೆಗೆ ಬರೆದುಕೊಟ್ಟ ಕಬ್ಬಿಣದ ಮಾತ್ರೆಗೆ ಮೊಳಕೆ ಬದಲಿಯಲ್ಲ, ಸಹಾಯಕ ಮಾತ್ರ. ಮೊಳಕೆ ಕಾಳಿನ ಊಟವಾದ ಕೂಡಲೇ ಚಹಾ ಕುಡಿದರೆ ಆ ಸಹಾಯವೂ ದಕ್ಕದು. ಚಹಾ ಒಂದು ಗಂಟೆ ಕಾಯಲಿ.

ಆ ತಾಯಿ ಇಂದು ಸಭೆಯಲ್ಲಿದ್ದರೆ ಅವರಿಗೆ ನಮ್ಮ ಉತ್ತರ ಇದು. ಅಮ್ಮಾ, ಮೊಮ್ಮಗನಿಗೆ ಮೊಳಕೆ ರಾಗಿಯ ಗಂಜಿ, ಅಜ್ಜನಿಗೆ ಮೊಳಕೆ ಹುರುಳಿಯ ಬಸ್ಸಾರು. ಇಬ್ಬರದೂ ಚೆನ್ನಾಗಿ ಬೆಂದಿರಲಿ. ಅಜ್ಜನ ಮಾತ್ರೆ ತಪ್ಪದಿರಲಿ.

ಮಕ್ಕಳಿಗೂ ಒಂದು ಮಾತು. ಇಲ್ಲೇ ಹುಟ್ಟಿದ ನಿಮ್ಮಲ್ಲಿ ಅನೇಕರು ರಾಗಿಯ ಹೊಲ ನೋಡಿಲ್ಲ. ನಾಳೆ ಅಮ್ಮನನ್ನು ಕೇಳಿ ಒಂದು ಹಿಡಿ ಹೆಸರುಕಾಳು ತೆಗೆದುಕೊಂಡು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಬೆಳಗ್ಗೆ ಎದ್ದು ಬಿಚ್ಚಿ ನೋಡಿ. “ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು” ಎಂಬ ಗಾದೆಯನ್ನು ನಿಮ್ಮ ಅಜ್ಜಿ ಫೋನಿನಲ್ಲಿ ನಿಮಗೇ ಹೇಳಿರಬಹುದು. ಅದರ ಅರ್ಥ ಆ ಬಟ್ಟೆಯೊಳಗಿದೆ. ನೋಡಿ ಆದ ಮೇಲೆ ಅಮ್ಮನ ಕೈಗೆ ಕೊಡಿ, ಉಸಲಿ ಮಾಡಲಿ.

ನಮ್ಮ ಹೊತ್ತು ಮುಗಿಯಿತು, ಅಡುಗೆಯವರು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಾರೆ. ಇಂದಿನ ಕೋಸಂಬರಿಯ ಕಾಳನ್ನು ಹಬೆಯಲ್ಲಿ ಬೇಯಿಸಿ ಮಾಡಿದ್ದೇವೆಂದು ಅವರು ಆಗಲೇ ತಿಳಿಸಿದ್ದಾರೆ. ಧೈರ್ಯವಾಗಿ ಊಟ ಮಾಡಿ. ಹೋಳಿಗೆಯ ಬಗ್ಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೇವೆ.